ಕಚ್ಚುವ ಬೂಟು ಹೊಲಿಯುವ ಸುಂದರಾಬಾಯಿ

ನಿಪ್ಪಾಣಿಯ ಹಳೆ ಪೇಟೆಯ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಿಸೆಂಬರಿನ ಚಳಿಗೆ ಗೋದಾಮಿನ ತಂಬಾಕಿನ ಘಾಟು ಬೆರೆತು ಮೂಗು ಕೆರಳುತ್ತದೆ. ತಗಡಿನ ಶೆಡ್ಡೊಂದರ ಮುಂದೆ, ಕಲ್ಲು ಮೆಟ್ಟಿಲಿನ ಅಂಚಿನ ಮೇಲೆ, ಬ್ಯಾಂಕಿನ ಕಾರಕೂನರೊಬ್ಬರು ತುದಿಗಾಲಲ್ಲಿ ನಿಂತಿದ್ದಾರೆ. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಬೆಲ್ಟನ್ನೂ ದಾಟಿದೆ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಎಲ್ಲಿ ಬಿದ್ದೇನೋ ಎಂದು ಉಸಿರು ಬಿಗಿಹಿಡಿದಿದ್ದಾರೆ. ಅವರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ ಹೆಂಗಸು ಹೊಸ ಬೂಟಿನ ಹಿಮ್ಮಡಿಯ ಸಂದಿಗೆ ಬೆರಳು ತೂರಿಸಿ ನೋಡುತ್ತಾರೆ.

"ಈಗ ಮುಂದ ಬಾಗರ್ರಿ. ಗುಡ್ಡ ಇಳಿಯೂ ಹಂಗ. ಬೆರಳು ಬಡೀತಾವೇನ್ರಿ?"

"ಒಂದೀಟ ಬಡೀತಾವ್ರಿ ಕಾಕೂ."

"ಇಲ್ಲೇ ಒಂದೀಟ ಅಂದ್ರ, ಗುಡ್ಡ ಇಳಿಯೂದರಾಗ ಉಗುರು ಕರ್ರಗಾಗಿ ಉದರತಾವ್ರಿ. ಹೊಲಗಿ ಹಾಕಿ ಇದನ್ನ ದೊಡ್ಡದು ಮಾಡಾಕ ಬರೂದಿಲ್ಲ. ಅಂಗಡ್ಯಾಂವಗ ತಿರಿಗಿ ಕೊಟ್ಟು ಒಂದ ನಂಬರ ಮ್ಯಾಲಿಂದು ತಗೊಂಬರ್ರಿ."

ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದವನೊಬ್ಬ ಸೈಕಲ್ ನಿಧಾನ ಮಾಡಿ, "ಸಾಹೇಬ್ರು ಕಂಬ ಹತ್ತಾಕತ್ತಾರೇನ್ರಿ?" ಎಂದು ನಗುತ್ತಾನೆ. ಕಾರಕೂನರು ನಾಚಿ ಕೆಳಗಿಳಿಯುತ್ತಾರೆ. ಓಣಿಯ ಜನಕ್ಕೆ ಈ ನೋಟ ರೂಢಿಯಾಗಿದೆ. ಶನಿವಾರ ಬೆಳಿಗ್ಗೆ ಈ ಮೆಟ್ಟಿಲ ಮೇಲೆ ವಕೀಲರೂ ಕುಣಿಯುತ್ತಾರೆ, ಕಾಲೇಜು ಹುಡುಗಿಯರೂ ಕುಣಿಯುತ್ತಾರೆ. ಬೆಟ್ಟ ಹತ್ತಲು ಹೊರಟವರು ಯಾರೇ ಆಗಲಿ, ತಮ್ಮ ಬೂಟು ಹಾಕಿಕೊಂಡು ಅಲ್ಲಿ ಏನು ಮಾಡುತ್ತೇವೆಂದು ಇಲ್ಲಿ ಮಾಡಿ ತೋರಿಸದ ಹೊರತು ಸುಂದರಾಬಾಯಿ ಸೂಜಿ ಮುಟ್ಟುವುದಿಲ್ಲ. ಈ ಹಟ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಎರಡು ವರ್ಷದ ಹಿಂದೆ ಒಂದು ಭಾನುವಾರ ಅವರ ಜೀವ ಬಾಯಿಗೆ ಬಂದು ಹೋದ ಮೇಲೆ ಬಂದದ್ದು.

ಸುಂದರಾಬಾಯಿಯ ತವರು ಅಥಣಿ. ಅಲ್ಲಿ ಅವರದು ತಲೆತಲಾಂತರದಿಂದ ಚಪ್ಪಲಿ ಕಟ್ಟುವ ಮನೆತನ. ಗಂಡಸರು ಅಟ್ಟೆ ಕತ್ತರಿಸುತ್ತಾರೆ, ಹೆಂಗಸರು ಹೆಣೆಯುತ್ತಾರೆ, ಹೊಲಿಯುತ್ತಾರೆ. ನಿಪ್ಪಾಣಿಗೆ ಸೊಸೆಯಾಗಿ ಬಂದ ಮೇಲೂ ಅದೇ ಕಸುಬು, ಅದೇ ಚರ್ಮ. ಗಂಡ ಭರಮಣ್ಣ ರಂಪಿಗೆ ಹಿಡಿದು ಚರ್ಮ ಸೀಳುತ್ತಾ ಕೂತರೆ ಮಾತಾಡಿಸಿದರೂ ತಲೆ ಎತ್ತದ ಮನುಷ್ಯ. ಮಾತೆಲ್ಲ ಹೆಂಡತಿಯ ಪಾಲು.

ತವರಿನಿಂದ ಅವರು ತಂದ ಒಂದು ಕಟ್ಟಳೆ ಇದೆ. ಹೊಸ ಚಪ್ಪಲಿಯಾಗಲಿ, ಹೊಲಿಗೆ ಹಾಕಿದ ಹಳೆಯದಾಗಲಿ, ಔಡಲೆಣ್ಣೆ ಕುಡಿಸದೆ ಗಿರಾಕಿಯ ಕೈಗೆ ಕೊಡುವಂತಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಬೆರಳಲ್ಲಿ ತಿಕ್ಕಬೇಕು, ಒಂದು ರಾತ್ರಿ ಇಡಬೇಕು. ಚರ್ಮ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಕಾಲಿಗೆ ಹೊಂದಿಕೊಳ್ಳುತ್ತದೆ, ಕಚ್ಚುವುದಿಲ್ಲ. "ನಮ್ಮವ್ವ ಲಕ್ಷ್ಮಿಬಾಯಿ ಅಂತಿದ್ಲು ನೋಡ್ರಿ, ಒಣಾ ಚಪ್ಪಲಿ ಕೊಟ್ಟವರ ಮನಿಯಾಗ ಊಟ ಸೈತ ಒಣಾನ ಆಗತೈತಿ ಅಂತ. ಮೂವತ್ತ ವರ್ಷ ಆತ್ರಿ ನಾ ಹೊಲ್ಯಾಕ ಹತ್ತಿ. ನಿನ್ನ ಚಪ್ಪಲಿ ಕಚ್ಚತು ಅಂತ ಒಬ್ರೂ ತಿರಿಗಿ ಬಂದಿಲ್ಲ," ಎನ್ನುತ್ತಾರೆ. ಹೀಗೆ ಹೇಳುವಾಗ ಅವರ ಕತ್ತು ತಾನೇ ಒಂದು ಬೆರಳು ಮೇಲೇಳುತ್ತದೆ.

ಬೆಟ್ಟದ ಬೂಟು ಈ ಶೆಡ್ಡಿಗೆ ಬಂದದ್ದು ೨೦೦೫ರ ಮಳೆಗಾಲದಲ್ಲಿ. ಊರಿನ ಹೈಸ್ಕೂಲೊಂದರ ಆಟದ ಮಾಸ್ತರ ರೂಪೇಶ ಅವರು ಬಾಯಿ ಬಿಟ್ಟ ಬೂಟೊಂದನ್ನು ಹಿಡಿದು ಬಂದರು. ತಳ ಅರ್ಧ ಕಿತ್ತು ನಾಲಿಗೆಯಂತೆ ಜೋತಾಡುತ್ತಿತ್ತು. ಸಹ್ಯಾದ್ರಿಯ ಕೋಟೆಯೊಂದಕ್ಕೆ ನಡೆದು ಹೋಗಿ ಬಂದೆವು ಎಂದರು.

"ಯಾವ ದೇವರ ಹರಕಿರಿ ಸರ್?" ಎಂದು ಕೇಳಿದರು ಸುಂದರಾಬಾಯಿ.

"ಹರಕಿ ಇಲ್ಲ ಕಾಕೂ. ಸುಮ್ಮನ ಹತ್ತತೀವಿ."

"ಸುಮ್ಮನ?"

ಆ ದಿನ ಅವರ ಕೈಯಲ್ಲಿದ್ದ ದಬ್ಬಣ ಹಾಗೇ ನಿಂತಿತು. ಹರಕೆ ಹೊತ್ತು ಜೋತಿಬಾ ದೇವರ ಗುಡ್ಡಕ್ಕೆ ಬರಿಗಾಲಲ್ಲಿ ನಡೆದವರು ಅವರು. ಕಟ್ಟಿಗೆ ತರಲು, ಕುರಿ ಕಾಯಲು ಗುಡ್ಡ ಹತ್ತುವವರನ್ನು ಕಂಡವರು. ದೇವರೂ ಇಲ್ಲ, ಕಟ್ಟಿಗೆಯೂ ಇಲ್ಲ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಹತ್ತಿ ಸುಮ್ಮನೆ ಇಳಿದು ಬರುತ್ತಾರಂತೆ! ದುಡ್ಡು ಕೊಟ್ಟು ದಣಿವು ಕೊಳ್ಳುವವರೂ ಇದ್ದಾರೆಯೇ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಹೇಳಿಕೊಂಡು ಬಂದರೂ ಬೂಟಿನ ಸುತ್ತ ಮೇಣದ ದಾರದಲ್ಲಿ ಹೊಲಿಗೆ ಹಾಕಿಕೊಟ್ಟರು. ಆ ತಳ ಮತ್ತೆ ಮೂರು ಮಳೆಗಾಲ ಬಾಳಿತು. ಮಾಸ್ತರರು ಮೆಚ್ಚಿ ತಮ್ಮ ತಂಡದವರನ್ನೆಲ್ಲ ಇಲ್ಲಿಗೇ ಕಳಿಸಿದರು. ಚಿಕ್ಕೋಡಿಯಿಂದ, ರಾಯಬಾಗದಿಂದ, ಗಡಿಯಾಚೆಯ ಕಾಗಲದಿಂದಲೂ ಬರತೊಡಗಿದರು.

ಇವರು ಹತ್ತುವ ಬೆಟ್ಟ ನೋಡದ ಹೆಂಗಸು ಬೆಟ್ಟದ ಬೂಟಿನ ಕೆಲಸ ಕಲಿತದ್ದು ಜನರ ಕಾಲು ನೋಡಿ. ಹೋಗಿ ಬಂದವರ ಬೂಟು ಬಿಚ್ಚಿಸುತ್ತಿದ್ದರು. ಎಲ್ಲಿ ಬೊಬ್ಬೆ ಎದ್ದಿದೆ, ಯಾವ ಉಗುರು ಕಪ್ಪಾಗಿದೆ, ಹಿಮ್ಮಡಿ ಎಲ್ಲಿ ಸುಲಿದಿದೆ ಎಂದು ಮುಟ್ಟಿ ನೋಡುತ್ತಿದ್ದರು. ನೂಲಿನ ಕಾಲುಚೀಲ ತೊಯ್ದರೆ ಕಾಲು ಬೇಯುತ್ತದೆ, ಉಣ್ಣೆಯದು ತೊಯ್ದರೂ ಬೆಚ್ಚಗಿರುತ್ತದೆ ಎಂದು ಹೀಗೇ ಗೊತ್ತಾಯಿತು. ಮಳೆಯಲ್ಲಿ ಜೀನ್ಸ್ ತೊಟ್ಟು ಹೋದವರ ತೊಡೆ ಕೆಂಪಾಗುವುದೂ ತಿಳಿಯಿತು. ಎಲ್ಲ ಸಲವೂ ಅವರ ಲೆಕ್ಕ ಸರಿಹೋಯಿತು ಎಂದಲ್ಲ. ಒಂದು ವರ್ಷ ಟ್ರಕ್ಕಿನ ತಾಡಪತ್ರಿಯಲ್ಲಿ ದಪ್ಪನೆಯ ರೇನಕೋಟು ಹೊಲಿದು ಕೊಟ್ಟರು. ಹೊರಗಿನಿಂದ ಒಂದು ಹನಿ ಒಳಬರಲಿಲ್ಲ ನಿಜ. ಆದರೆ ತೊಟ್ಟವರು ಬೆವರಿನಲ್ಲೇ ತೊಯ್ದು, ಕೋಟೆಯ ಮೇಲಿನ ಗಾಳಿಗೆ ಹಲ್ಲು ಕಟಕಟಿಸುತ್ತಾ ಇಳಿದರು. "ಕಾಕೂ, ನಿಮ್ಮ ರೇನಕೋಟಿಗಿಂತ ಮಳಿ ಚಲೋ ಇತ್ರಿ," ಎಂದು ಛೇಡಿಸಿದರು. ಸುಂದರಾಬಾಯಿಯೂ ನಕ್ಕರು. ಅಂಥ ತಪ್ಪು ನಗುವಿನಲ್ಲಿ ಮುಗಿದು ಹೋಗುತ್ತದೆ.

ನಗುವಿನಲ್ಲಿ ಮುಗಿಯದ ತಪ್ಪಿಗೆ ಕಾರಣವಾದದ್ದು ಸದಲಗಾದ ಸಪನಾಳ ಮೇಲಿನ ಪ್ರೀತಿ. ಸಪನಾ ಅಲ್ಲಿನ ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುವ ಕೆಲಸದವಳು. ರೂಪೇಶ ಮಾಸ್ತರರ ಹಳೆಯ ವಿದ್ಯಾರ್ಥಿನಿ, ಅವರ ತಂಡದಲ್ಲಿ ಎಲ್ಲರಿಗಿಂತ ಚುರುಕು. ದೂಧಗಂಗೆಯ ದಂಡೆಯ ಸಪಾಟು ಕಬ್ಬಿನ ನೆಲದಲ್ಲಿ ಬೆಳೆದ ಹುಡುಗಿಗೆ ಕಲ್ಲು ಹತ್ತುವ ಹುಚ್ಚು ಎಲ್ಲಿಂದ ಹಿಡಿಯಿತೋ ಅವಳವ್ವನಿಗೂ ತಿಳಿಯದು. ಹಿಮಾಲಯದಲ್ಲಿ ಒಂದು ತಿಂಗಳ ತರಬೇತಿಗೆ ಆಯ್ಕೆ ಮಾಡಲು ಪುಣೆಯಿಂದ ಇಬ್ಬರು ಬರುವವರಿದ್ದರು. ೨೦೧೧ರ ಜನವರಿಯ ಒಂದು ಭಾನುವಾರ, ಗಾರಗೋಟಿಯ ಆಚೆಯ ಕರಿಬಂಡೆಯೊಂದರ ಮೇಲೆ ಪರೀಕ್ಷೆ. ಅದರಲ್ಲಿ ಗೆದ್ದರೆ ಹಿಮ ನೋಡುವ ಯೋಗ. ವರ್ಷವಿಡೀ ಅವಳು ಬದುಕಿದ್ದೇ ಆ ದಿನಕ್ಕಾಗಿ.

ವಾರದ ನಡುವೆ ಅವಳು ಶೆಡ್ಡಿಗೆ ಓಡಿ ಬಂದು ಒಂದು ಜೋಡಿ ಬೂಟು ಇಟ್ಟಳು. ಪುಣೆಯ ಯಾರೋ ಬಳಸಿ ಮಾರಿದ್ದು. ಬೂಟಿಗೆ ಹಿಮ್ಮಡಿ ಎತ್ತರವಿಲ್ಲ, ತಳಕ್ಕೆ ಹಲ್ಲಿಲ್ಲ, ನುಣ್ಣನೆಯ ಕರಿ ರಬ್ಬರು. "ಬಾಜೂಕ ಹರದೈತ್ರಿ ಕಾಕೂ, ಹೊಲದ ಇಡ್ರಿ. ಶನಿವಾರ ಒಯ್ತೀನಿ," ಎಂದವಳೇ ಬಸ್ಸಿಗೆ ಓಡಿದಳು.

ಸುಂದರಾಬಾಯಿ ಬೂಟನ್ನು ತಿರುವಿ ನೋಡಿದರು, ಮತ್ತೆ ನೋಡಿದರು. ಸಪನಾಳ ಪಾದದ ಅಳತೆ ಅವರಿಗೆ ಬಾಯಿಪಾಠ. ಅವಳು ಹಾಕುವ ಚಪ್ಪಲಿ ಅವರೇ ಕಟ್ಟಿದ್ದು. ಈ ಬೂಟು ಅದಕ್ಕಿಂತ ಒಂದೂವರೆ ನಂಬರು ಸಣ್ಣದು! ಇದರೊಳಗೆ ಆ ಕೂಸಿನ ಬೆರಳು ಮುದುಡಿಕೊಂಡೇ ಇರಬೇಕು. ಬಡವರ ಮನೆ ಹುಡುಗಿ, ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕ ನಂಬರು ಕೊಂಡಿದ್ದಾಳೆ, ಬಾಯಿಬಿಟ್ಟು ಹೇಳಲು ನಾಚಿದ್ದಾಳೆ ಎಂದು ಅವರಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಬೂಟು ಹಿಡಿದು ಕೂತರು.

ಹರಿದದ್ದನ್ನು ಹೊಲಿದರು. ಚರ್ಮಕ್ಕೆ ನೀರು ಕುಡಿಸಿ, ಒಳಗೆ ಪಾದದಾಕಾರದ ದೊಡ್ಡ ಕಟ್ಟಿಗೆಯ ಫರ್ಮಾ ತುರುಕಿ, ಎರಡು ದಿನ ಬಿಗಿದಿಟ್ಟು ಬೂಟನ್ನು ಅಗಲ ಮಾಡಿದರು. ಶುಕ್ರವಾರ ಸಂಜೆ ತವರಿನ ಕಟ್ಟಳೆಯಂತೆ ಔಡಲೆಣ್ಣೆ ತಿಕ್ಕಿದರು, ಮೇಲೂ, ಕೆಳಗೂ. ಚಪ್ಪಲಿಯ ತಳ ಚರ್ಮದ್ದು, ಎಣ್ಣೆ ಕುಡಿಯುತ್ತದೆ. ಇದು ರಬ್ಬರು, ಕುಡಿಯಲಿಲ್ಲ. ಬೆಳಿಗ್ಗೆ ನೋಡಿದರೆ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪು ನೋಡಿ ಸುಂದರಾಬಾಯಿಗೆ ಹಿಗ್ಗು. ಬಟ್ಟೆಯಲ್ಲಿ ಒಂದು ಸಲ ಒರೆಸಿ ಚೀಲಕ್ಕೆ ಹಾಕಿದರು. ಸಂಜೆ ಸಪನಾ ಬಂದು ಚೀಲ ಹಿಡಿದು, ಒಳಗೆ ಇಣುಕದೆ ಬಸ್ಸು ಹತ್ತಿದಳು.

ಮರುದಿನ ಬೆಳಗು. ಭರಮಣ್ಣ ಚಹಾದ ಬಸಿ ಹಿಡಿದು ಶೆಡ್ಡಿನೊಳಗೆ ಬಂದವರು ಧೊಪ್ಪನೆ ಬಿದ್ದರು. ಬೂಟುಗಳನ್ನು ಇರಿಸಿದ್ದ ಹಾಸುಗಲ್ಲಿನ ಮೇಲೆ ಎಣ್ಣೆಯ ಪಸೆ ಉಳಿದಿತ್ತು. ಅದರ ಮೇಲೆ ಅವರ ರಬ್ಬರು ಚಪ್ಪಲಿ ಜಾರಿತ್ತು. ಚಹಾ ಎದೆಯ ಮೇಲೆ, ಬಸಿ ಮೂಲೆಯಲ್ಲಿ. ಸುಂದರಾಬಾಯಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕರು.

ಭರಮಣ್ಣ ಸೊಂಟ ಹಿಡಿದು ಏಳುತ್ತಾ ಗೊಣಗಿದರು. "ನಗಬ್ಯಾಡ. ರಬ್ಬರಕ್ಕ ಎಣ್ಣಿ ಹತ್ತಿದ್ರ ಕಲ್ಲಿನ ಮ್ಯಾಲ ಯಾಂವ ನಿಂದರತಾನ?"

ನಗು ಅಲ್ಲಿಗೇ ನಿಂತಿತು. ಸುಂದರಾಬಾಯಿ ಹೇಳುತ್ತಾರೆ: "ಆ ಮಾತ ಕೇಳಿದ್ದ ಗಳಿಗಿ ನನಗ ತಿಳೀತು ನೋಡ್ರಿ. ಕಲ್ಲು ಹತ್ತಾಕ ಹೋಗ್ಯಾಳ ಹುಡುಗಿ. ರಬ್ಬರ ತಳ. ನಾನs ನನ್ನ ಕೈಯಾರೆ ಎಣ್ಣಿ ತಿಕ್ಕೀನಿ."

ಸಪನಾಳ ಮೊಬೈಲಿಗೆ ಹಚ್ಚಿದರೆ ವ್ಯಾಪ್ತಿಯ ಹೊರಗೆ. ಮಾಸ್ತರರದೂ ಹೊರಗೆ. ಘಟ್ಟದ ಕಡೆ ಆಗ ಸಿಗ್ನಲ್ ಎಲ್ಲಿಯದು? ಭರಮಣ್ಣ ತಮ್ಮ ಹಳೆಯ ಎಂ-ಎಯ್ಟಿ ಗಾಡಿ ಹೊರಗೆಳೆದರು. ಚಹಾ ಚೆಲ್ಲಿದ ಅಂಗಿಯಲ್ಲೇ ಕಿಕ್ ಹೊಡೆದರು. ಹಿಂದೆ ಸುಂದರಾಬಾಯಿ, ಮಡಿಲಲ್ಲಿ ಒಂದು ಸಾಬೂನು, ಒಂದು ತೆಂಗಿನ ನಾರಿನ ಜುಂಗು. ಅದನ್ನು ಯಾವಾಗ ಎತ್ತಿಕೊಂಡರೋ ಅವರಿಗೇ ನೆನಪಿಲ್ಲ. ಗಾರಗೋಟಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದನ್ನು ದಾಟುವಾಗಲೂ ಭರಮಣ್ಣನ ಭುಜ ಹಿಡಿದು, "ಜೋರ ಹೊಡೀರಿ, ಜೋರ ಹೊಡೀರಿ" ಎನ್ನುವುದೊಂದೇ ಅವರ ಮಂತ್ರವಾಗಿತ್ತು. ಮುದಿ ಗಾಡಿ ಏರು ಕಂಡಾಗೆಲ್ಲ ಕೆಮ್ಮುತ್ತಿತ್ತು.

ಬಂಡೆಯ ಬುಡ ಮುಟ್ಟಿದಾಗ ಬಿಸಿಲೇರಿತ್ತು. ಗಾಡಿಯಿಂದಿಳಿದು ತಲೆ ಎತ್ತಿದ ಸುಂದರಾಬಾಯಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬೆಟ್ಟ ಹತ್ತುವುದೆಂದರೆ ಜೋತಿಬಾನ ಗುಡ್ಡದಂತೆ ಓರೆಯಾಗಿ ನಡೆದು ಹೋಗುವುದು ಎಂದೇ ಆರು ವರ್ಷ ತಿಳಿದಿದ್ದವರು ಅವರು. ಇಲ್ಲಿ ಓರೆಯೂ ಇಲ್ಲ, ದಾರಿಯೂ ಇಲ್ಲ. ಮನೆಯ ಗೋಡೆಯಂತೆ ನೆಟ್ಟಗೆ ನಿಂತ ಕರಿಕಲ್ಲು. ಅದರ ಮೇಲೆ, ಹೆಂಚಿನ ಮನೆ ನಾಲ್ಕು ಪೇರಿಸಿದಷ್ಟು ಎತ್ತರದಲ್ಲಿ, ಹಲ್ಲಿಯಂತೆ ಅಂಟಿಕೊಂಡವಳು ಸಪನಾ. ಇಡೀ ಹುಡುಗಿ ನಿಂತಿರುವುದು ಎರಡು ಹೆಬ್ಬೆರಳ ತುದಿಯ ಮೇಲೆ! ಬೂಟು ಯಾಕೆ ಅಷ್ಟು ಸಣ್ಣದಿತ್ತು, ಬೆರಳು ಯಾಕೆ ಮುದುಡಿರಬೇಕಿತ್ತು ಎಂಬುದು ಆ ಕ್ಷಣ ಅವರಿಗೆ ಹೊಳೆಯಿತು. ಪಾದ ಬೂಟಿನೊಳಗೆ ಒಂದಿಷ್ಟೂ ಅಲುಗದಂತೆ ಬಿಗಿದಿದ್ದರೆ ಮಾತ್ರ ಹಾಗೆ ತುದಿಬೆರಳ ಮೇಲೆ ನಿಲ್ಲಲು ಸಾಧ್ಯ. ತಾವು ಎಣ್ಣೆ ಹಚ್ಚಿದ್ದಷ್ಟೇ ಅಲ್ಲ, ಸಡಿಲವನ್ನೂ ಮಾಡಿ ಕಳಿಸಿದ್ದರು.

ಅಷ್ಟರಲ್ಲಾಗಲೇ ಅವಳು ಎರಡು ಸಲ ಜಾರಿದ್ದಳು. ಮಂಡಿ ಸುಲಿದು ರಕ್ತ ಇಳಿದಿತ್ತು. ಕೆಳಗೆ ಹಗ್ಗ ಹಿಡಿದ ರೂಪೇಶ ಮಾಸ್ತರರು, "ಅಂಜಬ್ಯಾಡ ಸಪನಾ, ಕಾಲ ಮ್ಯಾಲ ಭಾರ ಹಾಕು, ಕಾಲ ನಂಬು!" ಎಂದು ಕೂಗುತ್ತಿದ್ದರು. ಪುಣೆಯಿಂದ ಬಂದ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹುಡುಗಿಗೆ ಧೈರ್ಯ ಸಾಲದು ಎಂದು ಅವರಲ್ಲೊಬ್ಬರು ಮರಾಠಿಯಲ್ಲಿ ಹೇಳಿದ್ದು ಸುಂದರಾಬಾಯಿಯ ಕಿವಿಗೆ ಬಿತ್ತು.

"ನಂಬಬ್ಯಾಡವ್ವಾ!" ಎಂದು ಅವರು ಚೀರಿದರು. "ಸರ್, ಆಕೀನ ಇಳಸ್ರಿ! ಬೂಟಿಗೆ ಎಣ್ಣಿ ಐತ್ರಿ! ನಾ ಹಚ್ಚೀನ್ರಿ ಎಣ್ಣಿ!"

ಸಪನಾ ಆ ದನಿ ಕೇಳಿ ಕೆಳಗೆ ನೋಡಿದಳು. ಮಾಸ್ತರರು ಹಗ್ಗ ಬಿಗಿ ಮಾಡುವುದರೊಳಗೆ ಅವಳ ಬಲಗಾಲು ಮೂರನೆಯ ಸಲ ಜಾರಿತು. ಹಗ್ಗ ಅವಳನ್ನು ಹಿಡಿಯಿತು. ಹಿಡಿಯದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ದೇಹ ಜೋಕಾಲಿಯಂತೆ ಪಕ್ಕಕ್ಕೆ ತೂಗಿ ಬಂಡೆಯ ಮೂಲೆಗೆ ಬಡಿಯಿತು. ತಡೆಯಲು ಚಾಚಿದ ಎಡಗೈಯ ಮಣಿಕಟ್ಟು ಲಟಕ್ಕೆಂದ ಸದ್ದು ಕೆಳಗಿದ್ದವರಿಗೂ ಕೇಳಿಸಿತು.

ಅವಳನ್ನು ಕೆಳಗಿಳಿಸಿದರು. ಸುಂದರಾಬಾಯಿ ಅವಳ ಬೂಟಿನ ತಳಕ್ಕೆ ಬೆರಳೊತ್ತಿ, ಆ ಬೆರಳನ್ನು ಒಬ್ಬೊಬ್ಬರ ಮುಂದೆ ಹಿಡಿದರು. ಪುಣೆಯವರ ಮುಂದೆಯೂ ಹಿಡಿದರು. "ಹುಡುಗಿ ಅಂಜಿಲ್ರಿ ಸಾಹೇಬ್ರ. ಇದು ನಂದು ತಪ್ಪು. ಬರಕೊಳ್ಳೂದಿದ್ರ ಹಂಗ ಬರಕೋರ್ರಿ." ರೂಪೇಶ ಮಾಸ್ತರರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು. ಇಂದಿಗೂ ಅದನ್ನು ನೆನೆದರೆ ಅವರ ಮುಖ ಬಿಳಿಚಿಕೊಳ್ಳುತ್ತದೆ. "ಹಗ್ಗ ನೋಡಿದ್ವಿ, ಗಂಟು ನೋಡಿದ್ವಿ, ಹೆಲ್ಮೆಟ್ಟಿನ ಪಟ್ಟಿ ಸೈತ ಎಳದ ನೋಡಿದ್ವಿ. ತಳ ಒಬ್ರೂ ನೋಡಲಿಲ್ರಿ," ಎನ್ನುತ್ತಾರೆ. ಸಪನಾಳೂ ನೋಡಿರಲಿಲ್ಲ. ಬೂಟು ಹಾಕಿಕೊಂಡಾಗ ಹಾಯೆನಿಸಿತ್ತಂತೆ. ಕಡೆಗೂ ಕಾಲಿಗೆ ಹೊಂದಿಕೊಂಡಿತು ಎಂದು ಖುಷಿಪಟ್ಟಿದ್ದಳಂತೆ. ಜಾರಿದಾಗ ತನ್ನ ಕಾಲನ್ನೇ ಬೈದುಕೊಂಡಿದ್ದಳು.

ಕೈಗೆ ಪ್ಲಾಸ್ಟರ್ ಬಿತ್ತು. ತರಬೇತಿಗೆ ಬೇರೆಯವರು ಹೋದರು. ಸಪನಾ ಡೇರಿಗೆ ಮರಳಿದಳು, ಬಂಡೆಯ ಕಡೆ ಮುಖ ಹಾಕಲಿಲ್ಲ. ಅವಳ ಬೂಟು ಸುಂದರಾಬಾಯಿಯ ಶೆಡ್ಡಿನಲ್ಲೇ ಉಳಿಯಿತು. ಕ್ಷಮೆ ಕೇಳಲು ಸದಲಗಾಕ್ಕೆ ಹೋದಾಗ ಅವಳವ್ವ ಬಾಗಿಲಲ್ಲಿ ನಿಲ್ಲಿಸಲಿಲ್ಲ, ಚಹಾ ಕೊಟ್ಟರು. ಅದನ್ನು ಹೇಳುವಾಗ ಸುಂದರಾಬಾಯಿ ಕಣ್ಣೊರೆಸಿಕೊಳ್ಳುತ್ತಾರೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಅಂದಿನಿಂದ ಬೆಟ್ಟದ ಬೂಟು ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. ಬಂದವರನ್ನೆಲ್ಲ ಬಾಗಿಲಿನಿಂದಲೇ ಸಾಗಹಾಕಿದರು. ಹಾಗೆ ವಾಪಸಾದವರಲ್ಲಿ ಭೀಮಗೊಂಡ ಎಂಬ ಕಾಗವಾಡದ ರೈತನೂ ಒಬ್ಬ. ಆತ ಕಿತ್ತ ತಳಕ್ಕೆ ಅಂಗಡಿಯ ಅಂಟು ಮೆತ್ತಿಕೊಂಡು ಮಳೆಯಲ್ಲಿ ಕೋಟೆ ಹತ್ತಿದ. ಇಳಿಯುವಾಗ ತಳ ಪೂರಾ ಕಳಚಿ, ಒಂದು ಕಾಲಿಗೆ ಟವೆಲ್ ಸುತ್ತಿಕೊಂಡು ಕಲ್ಲುಮುಳ್ಳಿನಲ್ಲಿ ಕುಂಟುತ್ತಾ ಬಂದ. ಪಾದದ ಆ ಸ್ಥಿತಿಯನ್ನು ಅವನೇ ತಂದು ತೋರಿಸಿದ. "ನೀವು ಹೊಲಿಲಿಲ್ಲ ಅಂದ್ರ ನಾವೇನು ಹೋಗೂದು ಬಿಡ್ತೀವೇನ್ರಿ ಕಾಕೂ?" ಎಂದು ಕೇಳಿದ. ಸುಂದರಾಬಾಯಿ ಮತ್ತೊಮ್ಮೆ ದಂಗಾದರು. ಮಾಡಿದ ತಪ್ಪಿನಿಂದಷ್ಟೇ ಅಲ್ಲ, ಮಾಡದೆ ಬಿಟ್ಟ ಕೆಲಸದಿಂದಲೂ ರಕ್ತ ಬರುತ್ತದೆ ಎಂದು ಅವರು ಎಣಿಸಿರಲಿಲ್ಲ.

ಕೆಲಸ ಮತ್ತೆ ಶುರುವಾಯಿತು, ಹೊಸ ಕರಾರಿನ ಮೇಲೆ. ಮೊದಲು ಮೆಟ್ಟಿಲ ಮೇಲೆ ಹತ್ತಿ ತೋರಿಸಬೇಕು. ನಡೆಯಲು ಹೋಗುವವರು ನಡೆದು, ಇಳಿಯುವವರು ಬಾಗಿ, ಕಲ್ಲು ಹಿಡಿಯುವವರು ತುದಿಗಾಲಲ್ಲಿ ನಿಂತು. ರಬ್ಬರಿನ ತಳದ ಬೂಟು ಶೆಡ್ಡಿನ ಎಡಗಡೆ, ಎಣ್ಣೆಯ ಡಬ್ಬಿ ಬಲಗಡೆಯ ಗೂಡಿನಲ್ಲಿ. ಗಿರಾಕಿಯ ಕೈಗೆ ಕೊಡುವಾಗ ತಳವನ್ನು ಅವರ ಅಂಗೈಗೇ ಒತ್ತಿ ತೋರಿಸಿ ಕೊಡುತ್ತಾರೆ. ಬೆಟ್ಟದಿಂದ ಇಳಿದ ಮೇಲೆ ಪ್ರತಿಯೊಬ್ಬರೂ ಒಂದು ಮಿಸ್ಡ್ ಕಾಲ್ ಹೊಡೆಯಬೇಕು, ಇದೂ ಕರಾರೇ. "ನಾ ಎತ್ತೂದಿಲ್ರಿ. ಎತ್ತಿದ್ರ ಅವ್ರ ರೊಕ್ಕ ಹೋಗತೈತಿ. ಒಮ್ಮಿ ಟಣ್ ಅಂದ್ರ ಸಾಕು, ಕೂಸು ಕೆಳಗ ಬಂತು ಅಂತ ತಿಳೀತೈತಿ." ಭಾನುವಾರ ಸಂಜೆ ಎಲ್ಲರ ಟಣ್ ಮುಗಿಯುವವರೆಗೆ ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ಭರಮಣ್ಣ ನಗುತ್ತಾರೆ.

ಇಷ್ಟೆಲ್ಲ ಆದರೂ ಗೂಟಕ್ಕೆ ತೂಗುಬಿದ್ದ ಸಪನಾಳ ಬೂಟು ಅಲ್ಲೇ ಇತ್ತು. ಅದರ ಕೆಳಗೆ ಕೂತು ಕೆಲಸ ಮಾಡುವಾಗೆಲ್ಲ ಸುಂದರಾಬಾಯಿಗೆ ಒಂದೇ ಚಿಂತೆ. ಹುಡುಗಿಯ ಕೈ ಕೂಡಿತು, ಧೈರ್ಯ ಕೂಡಲಿಲ್ಲವಲ್ಲ. ಅವಳು ಮತ್ತೆ ಹತ್ತದಿದ್ದರೆ ತಾವು ಮುರಿದದ್ದು ಬರೀ ಮಣಿಕಟ್ಟಲ್ಲ ಎಂಬ ಕೊರಗು ಅವರನ್ನು ಎರಡು ವರ್ಷ ತಿಂದಿತು.

ಹೋದ ತಿಂಗಳು ಅವಳು ಬಂದಳು. ಮಾಸ್ತರರು ಕರೆತಂದದ್ದಲ್ಲ, ಒಬ್ಬಳೇ ಬಂದಳು. ಹಿಮಾಲಯದ ತರಬೇತಿಗೆ ಮತ್ತೆ ಆಯ್ಕೆ ಇದೆ ಎಂದಳು. ಗೂಟದತ್ತ ಕೈ ತೋರಿಸಿ, "ಅವನ್ನ ಸಣ್ಣ ಮಾಡಿ ಕೊಡ್ರಿ ಕಾಕೂ" ಎಂದಳು. ಸುಂದರಾಬಾಯಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ.

"ಬ್ಯಾಡವ್ವಾ, ಹೊಸಾವು ತಗೋ. ಮತ್ತ ನನ್ನ ಕೈಯಾಗ ಕೊಡತೀಯೇನು?"

"ನಿಮ್ಮ ಕೈಯಾಗs ಕೊಡತೀನ್ರಿ. ಈಗ ಅದು ಎದಕ್ಕ ಅಂತ ನಿಮಗ ಗೊತ್ತೈತೆಲ್ಲ."

ಒಂದು ವಾರ ಆ ಬೂಟಿನ ಮುಂದೆ ಕೂತರು. ಹಿಮ್ಮಡಿಯ ಹೊಲಿಗೆ ಬಿಚ್ಚಿ ಚರ್ಮವನ್ನು ಒಳಗೆ ಮಡಿಸಿ ಹೊಲಿದರು. ಪುಣೆಯಿಂದ ತರಿಸಿದ ಹೊಸ ರಬ್ಬರಿನ ತಳ ಕೂಡಿಸಿದರು. ಪಾದ ಸಡಿಲವಾಗದಂತೆ ಒಳಗೆ ತೆಳ್ಳನೆಯ ಅಟ್ಟೆ ಹಾಸಿದರು. ಒಮ್ಮೆ ಮುಗಿಸಿದ್ದನ್ನು ಮತ್ತೆ ಬಿಚ್ಚಿ ಇನ್ನಷ್ಟು ಬಿಗಿ ಮಾಡಿದರು. ಅಗಲ ಮಾಡುವುದು ಸಲೀಸು, ಚರ್ಮ ಹಿಗ್ಗಿ ಕೊಡುತ್ತದೆ. ಬಿಗಿ ಮಾಡುವಾಗ ಪ್ರತಿ ಹೊಲಿಗೆಗೂ ತಮ್ಮ ಕೈಯೇ ಬೇಡವೆನ್ನುತ್ತಿತ್ತು ಎನ್ನುತ್ತಾರೆ. ಎಣ್ಣೆಯ ಡಬ್ಬಿಯನ್ನು ಆ ವಾರವಿಡೀ ನೆರೆಮನೆಯಲ್ಲಿ ಇರಿಸಿದ್ದರು.

ಕಳೆದ ಭಾನುವಾರ, ಆಯ್ಕೆಗೆ ಮುಂಚಿನ ಅಭ್ಯಾಸಕ್ಕೆ, ಅವರೇ ಬೂಟು ಹೊತ್ತು ಮಾಸ್ತರರ ಜೀಪಿನಲ್ಲಿ ಹೋದರು. ಅದೇ ಕರಿಬಂಡೆ. ಬುಡದ ಕಲ್ಲಿನ ಮೇಲೆ ಸಪನಾ ಕೂತಿದ್ದಾಳೆ, ಅವಳ ಕಾಲು ಸುಂದರಾಬಾಯಿಯ ಮಡಿಲಲ್ಲಿದೆ. ಬೂಟಿನೊಳಗೆ ಪಾದ ಅರ್ಧಕ್ಕೇ ನಿಲ್ಲುತ್ತದೆ. ಎರಡೂ ಕೈಯಿಂದ ಒತ್ತಿ ತೂರಿಸುತ್ತಾರೆ. ಹುಡುಗಿ ಹಲ್ಲು ಕಚ್ಚುತ್ತಾಳೆ, ಕಣ್ಣಂಚಿನಲ್ಲಿ ನೀರು ಬರುತ್ತದೆ. ಮೂವತ್ತು ವರ್ಷ ಚಪ್ಪಲಿ ಮೆತ್ತಗೆ ಮಾಡಿಕೊಟ್ಟ ಕೈಗಳು ಅಲ್ಲೇ ತಡೆಯುತ್ತವೆ.

"ಭಾಳ ನೋಯ್ತೈತೇನವ್ವಾ? ಒಂದೀಟ ಸಡ್ಲ ಮಾಡ್ಲ್ಯಾ?"

"ಬ್ಯಾಡ್ರಿ ಕಾಕೂ. ಇನ್ನೊಮ್ಮಿ ಎಳೀರಿ."

ಸುಂದರಾಬಾಯಿ ಕಣ್ಣು ಮುಚ್ಚಿ ಪಟ್ಟಿ ಎಳೆಯುತ್ತಾರೆ. ಮಾಸ್ತರರು ಹಗ್ಗ ನೋಡುತ್ತಾರೆ, ಗಂಟು ನೋಡುತ್ತಾರೆ, ಮೊಣಕಾಲೂರಿ ಎರಡೂ ತಳಗಳಿಗೆ ಅಂಗೈ ಒತ್ತಿ ನೋಡುತ್ತಾರೆ. ಸಪನಾ ಹತ್ತುತ್ತಾಳೆ. ಹಿಂದೆ ಜಾರಿದ ಜಾಗ ಬರುತ್ತದೆ. ಅಲ್ಲಿ ಕಾಲಿಡಲು ಇರುವುದು ಎಂಟಾಣೆ ಅಗಲದ ಒಂದು ಉಬ್ಬು. ಅವಳು ನಿಲ್ಲುತ್ತಾಳೆ. ಬಹಳ ಹೊತ್ತು ಅಲ್ಲೇ ನಿಂತಿರುತ್ತಾಳೆ. ಕೆಳಗೆ ಸುಂದರಾಬಾಯಿ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಿದ್ದಾರೆ. ಬಲಗಾಲ ಹೆಬ್ಬೆರಳು ಆ ಉಬ್ಬನ್ನು ಹುಡುಕುತ್ತದೆ, ಮುಟ್ಟುತ್ತದೆ, ಇಡೀ ಮೈಯ ಭಾರ ಅದರ ಮೇಲೆ ಬೀಳುತ್ತದೆ. ಬೂಟು ಅಲ್ಲಾಡುವುದಿಲ್ಲ. ಹುಡುಗಿ ಮೇಲೆ ಹೋಗುತ್ತಾಳೆ, ಇನ್ನೂ ಮೇಲೆ, ತುದಿಯವರೆಗೆ.

ಇಳಿದು ಬಂದವಳು ನೆಲಕ್ಕೆ ಕುಸಿದು ಕೂತು ನಗುತ್ತಾಳೆ, ಅಳುತ್ತಾಳೆ. ಸುಂದರಾಬಾಯಿ ಮೊದಲು ಅವಳ ಮುಖ ನೋಡುವುದಿಲ್ಲ, ಬೂಟು ಬಿಚ್ಚುತ್ತಾರೆ. ಬೆರಳುಗಳು ಕೆಂಪಾಗಿ ಒಂದರ ಮೇಲೊಂದು ಏರಿವೆ, ಹಿಮ್ಮಡಿಯಲ್ಲಿ ಹೊಲಿಗೆಯ ಗೆರೆ ಅಚ್ಚೊತ್ತಿದಂತೆ ಮೂಡಿದೆ. ಆ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಸುತ್ತ ನಿಂತ ತಂಡದವರಿಗೆಲ್ಲ ತೋರಿಸುತ್ತಾರೆ.

"ಕಚ್ಚೈತಿ ನೋಡ್ರಿ," ಎನ್ನುತ್ತಾರೆ. "ಚಲೋ ಕಚ್ಚೈತಿ."